ಬಾಗಿಲಿಗೊಂದು ಗಾಜು

ಬಡಗಿ ಪಾಂಚಾಳ ಗರಗಸ ಕೆಳಗಿಟ್ಟು ಕೇಳಿದ:
ಜನ ಇಲ್ಲಿ ಕದ ಹಾಕ್ಕೊಂಡು ಅಳೋಕೆ ಬರ್ತಾರೆ ಅಂತೀರಿ ಮ್ಯಾಡಮ್,
ಮತ್ತೆ ಆ ಕದಕ್ಕೇ ಯಾಕೆ ಕಣ್ಣು ಕೊರೆಸ್ತೀರಿ?

ಮುಲುಂಡ್ ಪೂರ್ವ. ಹಿಟ್ಟಿನ ಗಿರಣಿಯ ಮೇಲೆ ಒಂದು ಬಾಡಿಗೆ ಕೋಣೆ.
ಗೋಧಿ ಬೀಸುವಾಗ ನೆಲ ಸಣ್ಣಗೆ ನಡುಗುತ್ತದೆ,
ಸಜ್ಜೆಗೆ ಇನ್ನೂ ಜೋರು.
ಹೊಸಬರು ಬಂದರೆ ಮೊದಲೇ ಹೇಳಿಬಿಡುತ್ತೇನೆ,
ಈ ನಡುಕ ನಿಮ್ಮದಲ್ಲ, ಗಿರಣಿಯದು.

ಗೇಣಗಲ ಗಾಜು ಸಾಕು ಎಂದೆ ಪಾಂಚಾಳನಿಗೆ.
ಅಳುವವರ ಮುಖ ಹೊರಗೆ ಕಾಣಬಾರದು,
ಕೈಗಳು ಕಾಣಬೇಕು.
ಯಾರ ಕೈ?
ನನ್ನವು.
ಅವನು ನನ್ನ ಕೈಗಳನ್ನೊಮ್ಮೆ ನೋಡಿದ,
ಹಾಕಿದ ಗುರುತನ್ನು ಹೆಬ್ಬೆರಳಲ್ಲಿ ಒರೆಸಿ
ಒಂದು ಗೇಣು ಕೆಳಗೆ ಹೊಸ ಗೀಟೆಳೆದು
ಮುಂದೇನೂ ಕೇಳದೆ ಕೊಯ್ಯತೊಡಗಿದ.

ಮೊದಲ ದಿನ ಎಲ್ಲರಿಗೂ ಹೇಳುವ ಮಾತೊಂದಿದೆ:
ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ, ಆದರೆ...
ಆ ಆದರೆಯ ಮುಂದಿನದನ್ನು ಹನ್ನೊಂದು ವರ್ಷದಿಂದ ತಿದ್ದುತ್ತಿದ್ದೇನೆ.
ಮರಾಠಿಯಲ್ಲಿ ಆದರೆ ಅಂದರೆ ಪಣ್.
ನನ್ನ ಕನ್ನಡದ ಕಿವಿಗೆ ಅದು ಪಣ ಎಂದೇ ಬೀಳುತ್ತದೆ,
ಏನನ್ನೋ ಒತ್ತೆಯಿಟ್ಟ ಹಾಗೆ.

ಸುಹಾಸ ಪೆಡಣೇಕರರಿಗೆ ಅದನ್ನು ನಾಲ್ಕು ಸಲ ಹೇಳಿದ್ದೆ.
ವಯಸ್ಸು ನಲವತ್ತಾರು, ಷೂ ಲೇಸು ಕಟ್ಟಲು ಬರುವುದಿಲ್ಲ,
ಸೆಂಟ್ರಲ್ ಲೈನಿನ ಸ್ಟೇಷನ್ನುಗಳೆಲ್ಲ ಕರ್ಜತ್‌ವರೆಗೆ ಬಾಯಿಪಾಠ.
ಒಂದು ಗುರುವಾರ ಹೆಬ್ಬೆರಳಿಗೆ ನೀಲಿ ಮಸಿ.
ಅತ್ತಿಗೆ ಕಾಗದದ ಮೇಲೆ ಒತ್ತಿಸಿಕೊಂಡಳು, ಆಮೇಲೆ ಶ್ರೀಖಂಡ ಕೊಟ್ಟಳು.
ತಕ್ಷಣ ಫೋನಿಗೆ ಕೈ ಹೋಯಿತು, ತಡೆದೆ.
ಕೇಳಬೇಕು ಅವರನ್ನು. ಲೇಸು ಬಾರದವರಿಗೂ
ಹೂಂ ಇದೆ, ಊಹೂಂ ಇದೆ.
ಮೂರು ಗುರುವಾರ ಕೇಳಿದೆ.
ಮೂರನೆಯದರಲ್ಲಿ ಅವರು ಮಸಿ ಹೋದ ಬೆರಳನ್ನೇ ನೋಡುತ್ತ
ನಾನೂ ಬರ್ತೀನಿ ಹೇಳೋಕೆ, ಅಂದರು. ಕಿಟಕಿ ಸೀಟು ಬೇಕು.

ಓವಿಯನ್ನು ಹಾಗೆ ಕೇಳುತ್ತ ಕೂರುವಂತಿರಲಿಲ್ಲ.
ಒಂಬತ್ತು ವರ್ಷ. ಕಣ್ಣಾಮುಚ್ಚಾಲೆ ಬಿಟ್ಟು ಬೇರೆ ಆಟವಿಲ್ಲ,
ಗೋಡೆಗೆ ಹಣೆಯಿಟ್ಟು ಹತ್ತರಿಂದ ಹಿಂದಕ್ಕೆ ಎಣಿಕೆ.
ಆ ದಿನ ಮೇಜಿನಡಿಯಿಂದ ಅವಳ ದನಿ:
ಟ್ಯೂಷನ್ ಸರ್ ಜೊತೆಗೂ ಆಡ್ತೀನಿ.
ಅಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗವೇ ಇಲ್ಲ.
ಆಯಿಗೆ ಹೇಳ್ಬಾರದು. ಪ್ರಾಮಿಸ್?
ಕಿರುಬೆರಳು ಹೊರಬಂತು, ಉಗುರಿಗೆ ಅರ್ಧ ಕಿತ್ತ ಗುಲಾಬಿ ಬಣ್ಣ.

ನಾನು ಬೆರಳು ಕೊಡಲಿಲ್ಲ.
ನೆಲದ ಮೇಲೆ ಕೂತೆ. ಯಾರಿಗೆ ಹೇಳುತ್ತೇನೆ, ಏನು, ಯಾವಾಗ,
ಅಷ್ಟನ್ನೂ ಅವಳಿಗೇ ಮೊದಲು ಹೇಳಿದೆ.
ನೀನು ಮೋಸದಾಟ ಆಡ್ತೀಯ, ಅಂದಳು.
ಕೆಳಗೆ ಸಜ್ಜೆ ಬೀಳುತ್ತಿತ್ತು. ಈ ಸಲ ನಡುಕ ಯಾರದೆಂದು
ನನಗೂ ಗೊತ್ತಾಗಲಿಲ್ಲ.

ಹತ್ತು. ಒಂಬತ್ತು. ಎಂಟು.
ಮಕ್ಕಳ ಸಹಾಯವಾಣಿಯ ನಂಬರು ಅಷ್ಟೇ,
ಎಂಟಕ್ಕೇ ನಿಲ್ಲುತ್ತದೆ,
ಪೂರ್ತಿ ಎಣಿಸುವಷ್ಟು ಹೊತ್ತಿಲ್ಲ ಎಂಬಂತೆ.

ವರದಿ ಬರೆದೆ: ಸಂಜೆ ಐದು ನಲವತ್ತು, ಅವಳು ಅಂದದ್ದು ಅಂದ ಹಾಗೇ.
ನನ್ನ ವಿಶೇಷಣಗಳನ್ನೆಲ್ಲ ಗಿರಣಿಗೆ ಹಾಕಿದೆ.
ಅವಳ ಅಪ್ಪ ಮೆಟ್ಟಿಲ ಮೇಲೆ ನಿಂತು ಕೂಗಾಡಿದ,
ಹಿಟ್ಟಿನ ಡಬ್ಬಿ ಹಿಡಿದ ಹೆಂಗಸರೆಲ್ಲ ಕೇಳಿಸಿಕೊಂಡರು.
ಆಯಿ ಮಾತ್ರ ಹಿಂದೆ ಉಳಿದು, ಫೀಸು ಎಷ್ಟು ಬಾಕಿ, ಕೇಳಿದಳು.
ಎರಡೂವರೆ ತಿಂಗಳು ಆ ಹೊತ್ತಿಗೆ ಬೇರೆ ಯಾರನ್ನೂ ಕರೆಯಲಿಲ್ಲ.

ನಿನ್ನೆ ಐದಕ್ಕೆ, ಗಾಜಿನ ಮೇಲಿನ ಹಿಟ್ಟಿನ ದೂಳನ್ನು
ಆಚೆಯಿಂದ ಒಂದು ತೋಳು ಒರೆಸಿತು.
ಹಣೆ ಒತ್ತಿಕೊಂಡಿತು. ಆಮೇಲೆ ಎರಡು ಕಣ್ಣು.
ಪಾಂಚಾಳ ಇಳಿಸಿದ ಆ ಒಂದು ಗೇಣು
ಒಂಬತ್ತು ವರ್ಷಕ್ಕೆ ಸರಿಯಾದ ಎತ್ತರ, ನಾನು ಗಮನಿಸಿರಲಿಲ್ಲ.
ಅವಳು ನನ್ನ ಮುಖ ನೋಡುತ್ತಿರಲಿಲ್ಲ.
ಎರಡೂ ಕೈ ಮೇಜಿನ ಮೇಲಿಟ್ಟು
ಕಾದೆ.